ನಾಯಿಗೋಸ್ಕರ ಇಷ್ಟೊಂದು ಅಳ್ತಾರಾ?

ತಿಪಟೂರಿನ ಓದುಗರೊಬ್ಬರು ಬರೆದಿದ್ದಾರೆ: "12 ವರ್ಷ ಸಾಕಿದ ಕೆಂಚ ಹೋಗಿ ತಿಂಗಳಾಯಿತು. ಕಿಡ್ನಿ ಕೆಟ್ಟಿತ್ತು. ಕೊನೆಗೆ ಡಾಕ್ಟರ ಮಾತು ಕೇಳಿ ಇಂಜೆಕ್ಷನ್ ಕೊಡಿಸಿ ಕಳಿಸಿಬಿಟ್ಟೆವು. ಮೊದಲೇ ತೋರಿಸಿದ್ದರೆ ಉಳಿಯುತ್ತಿದ್ದನೇನೋ. ಈಗಲೂ ರಾತ್ರಿ ಪಾತ್ರೆಯ ತಳದಲ್ಲಿ ಅವನ ಪಾಲಿನ ಅನ್ನ ಉಳಿಸಿಬಿಡುತ್ತೇನೆ. 'ನಾಯಿಗೋಸ್ಕರ ಇಷ್ಟೊಂದು ಅಳ್ತಾರಾ' ಅನ್ನುತ್ತಾರೆ ಅತ್ತೆ. ಯಾರ ಹತ್ತಿರ ಹೇಳಿಕೊಳ್ಳಲಿ?"

ಸೋದರಿ, ಅಳು ಬಂದರೆ ಅತ್ತುಬಿಡಿ. ಮನುಷ್ಯರು ಹೋದರೆ ನೆಂಟರು ಬರುತ್ತಾರೆ, ಪಕ್ಕದ ಮನೆಯಿಂದ ಕಾಫಿ ಬರುತ್ತದೆ, ಹನ್ನೊಂದನೇ ದಿನ, ತಿಥಿ ಅಂತ ಏನಾದರೂ ನಡೆಯುತ್ತದೆ. ಕೆಂಚ ಹೋದ ಮಾರನೇ ಬೆಳಗ್ಗೆ ನೀವು ಎಂದಿನಂತೆ ಊಟದ ಡಬ್ಬಿ ಕಟ್ಟಿರುತ್ತೀರಿ. ಅಲ್ವಾ?

ಅತ್ತೆಯವರಿಗೆ ಆತಕೂರಿನ ಕಥೆ ಹೇಳಿ. ಮಂಡ್ಯ ಜಿಲ್ಲೆಯ ಊರು ಅದು. 949ರ ತಕ್ಕೋಲದ ಯುದ್ಧದಲ್ಲಿ ಮಣಲೇರ ಎಂಬ ವೀರ ಗಂಗರ ದೊರೆ ಬೂತುಗನ ಕಡೆ ನಿಂತು ಕಾದಾಡಿದ. ಮೆಚ್ಚಿದ ಒಡೆಯ "ಬೇಕಾದ್ದು ಕೇಳು" ಎಂದ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಪುಣ್ಯಾತ್ಮ ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಮುಂದೆ ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಬಿದ್ದ ಕಾಳಿ, ಹಂದಿಯ ಜೊತೆಗೇ ಸತ್ತಿತು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಜಮೀನೂ ಬಿಟ್ಟ. ನಾಯಿ, ಹಂದಿ ಕಾದಾಡುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಯುದ್ಧ ಗೆದ್ದು ಬಂದವನೇ ನಾಯಿಗೆ ಪೂಜೆ ಮಾಡಿಸಿದ್ದಾನೆ. ನೀವು ಒಂದು ತಿಂಗಳು ಅತ್ತರೆ ಜಾಸ್ತಿಯೇನಲ್ಲ.

ಇನ್ನು "ಮೊದಲೇ ತೋರಿಸಿದ್ದರೆ" ಎಂಬ ಮಾತು. ನಿಮ್ಮನ್ನು ಹೆಚ್ಚು ಸುಡುತ್ತಿರುವುದು ಇದೇ ಅನಿಸಿತು. ವಯಸ್ಸಾದ ನಾಯಿಗಳ ಕಿಡ್ನಿ ಕಾಯಿಲೆ ಬಹಳ ಕಳ್ಳ ಕಾಯಿಲೆ. ಮುಕ್ಕಾಲು ಭಾಗ ಕೆಟ್ಟ ಮೇಲೇ ಸಾಮಾನ್ಯವಾಗಿ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಲ್ಮಷ) ಏರುವುದು. ಅಲ್ಲಿಯವರೆಗೆ ನಾಯಿ ಸ್ವಲ್ಪ ಜಾಸ್ತಿ ನೀರು ಕುಡಿಯುತ್ತದೆ, ಅಷ್ಟೇ. ಬಿಸಿಲಿಗೆ ಅಂದುಕೊಳ್ಳುತ್ತೇವೆ. ನೋವನ್ನೂ ಅವು ಸುಲಭಕ್ಕೆ ತೋರಿಸಿಕೊಳ್ಳುವುದಿಲ್ಲ. ಆ ಇಂಜೆಕ್ಷನ್ನಿನ ಬಗ್ಗೆಯೂ ಹೇಳುತ್ತೇನೆ. ಸಾಮಾನ್ಯವಾಗಿ ಅದು ಆಪರೇಷನ್‌ಗೆ ಕೊಡುವಂಥ ಅರಿವಳಿಕೆಯ ಮದ್ದೇ, ಪ್ರಮಾಣ ಹೆಚ್ಚು. ಮೊದಲು ಎಚ್ಚರ ತಪ್ಪುತ್ತದೆ, ಉಸಿರು ನಿಲ್ಲುವುದು ಆಮೇಲೆ. ವಾಂತಿ ಮಾಡಿಕೊಳ್ಳುತ್ತಾ ಇನ್ನೆರಡು ವಾರ ಎಳೆದಾಡಲಿ ಎಂದು ನೀವು ಬಿಡಲಿಲ್ಲ. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ.

ಯಾರ ಹತ್ತಿರ ಹೇಳಿಕೊಳ್ಳುವುದು? ಕೆಂಚನನ್ನು ಬಲ್ಲವರ ಹತ್ತಿರ. ಮನೆಯವರು ಬಾಯಿ ಬಿಡದಿದ್ದರೂ ಅವರಿಗೂ ದುಃಖವಿರುತ್ತದೆ, ನೀವೇ ಮಾತು ತೆಗೆಯಿರಿ. ಹಾಲಿನವನನ್ನು ಅವನು ದಿನಾ ಬೊಗಳಿ ಹೆದರಿಸುತ್ತಿದ್ದರೆ ಆ ಹಾಲಿನವನೂ ಆದೀತು. ನೋಡಿದ ಡಾಕ್ಟರನ್ನೇ ಹೋಗಿ ಕಂಡು, ಕಾಡುವ ಪ್ರಶ್ನೆಗಳನ್ನೆಲ್ಲ ಕೇಳಿಬಿಡಿ. ನಿದ್ದೆ, ಊಟ ಬಿಟ್ಟುಹೋಗಿದ್ದರೆ, ಬದುಕೇ ಸಾಕು ಎನ್ನುವ ಯೋಚನೆ ಸುಳಿದರೆ ಮಾತ್ರ ತಡಮಾಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾಯಿ ವಿಷಯಕ್ಕೆ ಫೋನ್ ಮಾಡುವುದಾ ಎಂಬ ಸಂಕೋಚ ಬೇಡ.

ಆ ಅನ್ನ ಉಳಿಸುವುದನ್ನು ಬಲವಂತವಾಗಿ ನಿಲ್ಲಿಸಬೇಡಿ. ಬೀದಿಯ ಯಾವುದೋ ನಾಯಿಗೆ ಹಾಕಿ. "ಇನ್ನೊಂದು ಮರಿ ತಂದ್ಕೊಳ್ಳಿ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಸುಮ್ನೆ ಹೂಂ ಅನ್ನಿ. ನಿಮಗೇ ಬೇಕು ಅನಿಸಿದಾಗ ತಂದರಾಯಿತು.

ಒಂದು ಕೋರಿಕೆ. ನಿಮ್ಮ ಪತ್ರದ ತುಂಬ ಕೆಂಚನ ಕೊನೆಯ ವಾರವೇ ಇದೆ. ಅವನು ಎಲ್ಲಿ ಸಿಕ್ಕಿದ, ಏನೇನು ಕಿತಾಪತಿ ಮಾಡುತ್ತಿದ್ದ, ಯಾರಿಗೆ ಹೆದರುತ್ತಿದ್ದ, ಒಂದೂ ಬರೆದಿಲ್ಲ. ಇನ್ನೊಂದು ಕಾಗದ ಬರೆಯಿರಿ, ಎಷ್ಟು ಪುಟವಾದರೂ ಸರಿ. ಫೋಟೊ ಇದ್ದರೆ ಜೊತೆಗಿಡಿ, ಅಚ್ಚು ಹಾಕಿ ವಾಪಸ್ ಕಳಿಸುತ್ತೇವೆ.

– ಸಂಪಾದಕ