ಕ್ಲೇಮ್ ಫೈಲಿನ ಮುಂದೆ ಕೂತು ದೇವರ ಚಿತ್ತ ಹುಡುಕುವವರಿಗೆ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಯಸ್ಸು 27, ಬೆಂಗಳೂರಿನಲ್ಲಿ ರಾತ್ರಿ ಪಾಳಿ, ಇನ್ಶೂರೆನ್ಸ್ ಕ್ಲೇಮ್ ನೋಡುವ ಕೆಲಸ. ಈ ಕೆಲಸದಲ್ಲಿ ದೇವರ ಉದ್ದೇಶ ಏನು ಎಂದು ಎರಡು ವರ್ಷದಿಂದ ಪ್ರಾರ್ಥಿಸುತ್ತಿದ್ದೀರಿ, ಉತ್ತರ ಬಂದಿಲ್ಲ. ಎಲ್ಲ ಬಿಟ್ಟು ಪೂರ್ಣಾವಧಿ ಸೇವೆಗೆ, ಅಂದರೆ ಬೋಧಕರ ಹಾಗೆ ಚರ್ಚಿನ ಕೆಲಸಕ್ಕೇ, ಹೋಗಲಾ ಎಂದು ಕೇಳಿದ್ದೀರಿ. ನಾನು ಬೋಧಕನಲ್ಲ, ಲ್ಯಾಬ್ ಟೆಕ್ನಿಷಿಯನ್. 19 ವರ್ಷದಿಂದ ರಕ್ತ ತೆಗೆಯುತ್ತಿದ್ದೇನೆ. ಆದರೆ ನಿಮ್ಮ ವಯಸ್ಸಿನಲ್ಲಿ ಇದೇ ಪ್ರಶ್ನೆ ನನ್ನ ನಿದ್ದೆಯನ್ನೂ ಕೆಡಿಸಿತ್ತು.

ಬೈಬಲಿನ ಯೆರೆಮೀಯ 29:11 ನಿಮ್ಮ ಮೊಬೈಲ್ ವಾಲ್‌ಪೇಪರ್ ಎಂದು ಬರೆದಿದ್ದೀರಿ. ನಿಮ್ಮ ವಿಷಯದಲ್ಲಿ ನನಗಿರುವ ಯೋಜನೆ ಕೇಡಿನದಲ್ಲ, ಹಿತದ್ದೇ ಎಂದು ದೇವರು ಹೇಳುವ ವಾಕ್ಯ ಅದು. ಒಂದು ಹೊಸ ವರ್ಷದ ಆರಾಧನೆಯಲ್ಲಿ ವಾಗ್ದಾನದ ಚೀಟಿ ತೆಗೆದಾಗ ನನಗೂ ಅದೇ ವಾಕ್ಯ ಬಂದಿತ್ತು. ಪರ್ಸಿನಲ್ಲಿಟ್ಟುಕೊಂಡು ಓಡಾಡಿದೆ. ಬೋಧಕರಾಗಲು ಓದುವ ಸೆಮಿನರಿಗೆ ಸೇರುವುದೇ ದೇವರ ಯೋಜನೆ ಎಂದು ಗಟ್ಟಿಯಾಗಿ ನಂಬಿದ್ದೆ. ಅಷ್ಟರಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಮನೆಗೆ ನನ್ನ ಸಂಬಳ ಬೇಕಾಯಿತು. ದೇವರ ಚಿತ್ತ ಕೈತಪ್ಪಿತು ಎಂದು ಎಷ್ಟೋ ರಾತ್ರಿ ಅತ್ತಿದ್ದೇನೆ.

ಆ ಅಧ್ಯಾಯವನ್ನು ದಯವಿಟ್ಟು ಮೊದಲ ವಚನದಿಂದ ಓದಿ. ಅದು ಒಂದು ಪತ್ರ. ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದದ್ದು. ಯಾವಾಗ ಊರಿಗೆ ಹೋಗುತ್ತೇವೋ ಎಂದು ಅವರು ಕಾಯುತ್ತಿದ್ದರು. ಬೇಗ ಬಿಡುಗಡೆ ಆಗುತ್ತದೆ ಎಂದು ನಂಬಿಸುವ ಪ್ರವಾದಿಗಳೂ ಇದ್ದರು. ಪತ್ರದಲ್ಲಿರುವ ಮಾತೇ ಬೇರೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಎಷ್ಟು ವರ್ಷ? 70. ಅದು 10ನೇ ವಚನದಲ್ಲಿದೆ. ನಮಗೆ ಇಷ್ಟವಾದ 11 ಅದರ ಬೆನ್ನಿಗೇ ಬರುತ್ತದೆ. ಲೆಕ್ಕ ಹಾಕಿ ನೋಡಿ. ಆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಮಣ್ಣಾಗಿರಬೇಕು. ಅವರ ಪಾಲಿನ ಒಳ್ಳೆಯ ಯೋಜನೆ ಅಂದರೆ ತಮಗೆ ಬೇಡವಾದ ಊರಿನಲ್ಲಿ ನೆಟ್ಟ ಆ ತೋಟ. ಇದು ಹೊಳೆದ ದಿನ ಲ್ಯಾಬಿಗೆ ಹೋಗುವಾಗ ನನ್ನ ಎದೆ ಹಗುರಾಗಿತ್ತು.

ಅಲ್ಲಿಂದ ನನ್ನ ಪ್ರಾರ್ಥನೆಯೂ ಬದಲಾಯಿತು. ಮೊನ್ನೆ ಒಬ್ಬ ಅಜ್ಜಿ ಬಂದಿದ್ದರು. ಶುಗರ್ ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲಿ ಮೊದಲ ಬಸ್ಸು ಹಿಡಿದು ಬಂದವರು. ಎರಡೂ ಕೈಯಲ್ಲಿ ಹಳೆಯ ಚುಚ್ಚಿದ ಕಲೆ. ನರ ಸಿಗುತ್ತಲೇ ಇಲ್ಲ. ಹೊರಗೆ 15 ಜನರ ಸಾಲು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅವರ ಮುಂಗೈ ಮೇಲೆ ಐದು ನಿಮಿಷ ಇಟ್ಟೆ. ಸಣ್ಣ ಸೂಜಿ ತೆಗೆದುಕೊಂಡೆ. "ಕರ್ತನೇ, ಒಂದೇ ಸಲಕ್ಕೆ ಸಿಗಲಿ" ಎಂದು ಮನಸ್ಸಿನಲ್ಲೇ ಹೇಳಿದೆ. ಸಿಕ್ಕಿತು. "ಆಯ್ತಾ ಮಾರಾಯ? ಗೊತ್ತೇ ಆಗ್ಲಿಲ್ಲ" ಅಂದರು ಅಜ್ಜಿ. ಆ ಐದು ನಿಮಿಷ ದೇವರ ಸೇವೆ ಅಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ನಮ್ಮ ಕಡೆ ಇದು ಹೊಸ ಮಾತೂ ಅಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರು ಮನೆಯಿಂದ, ಕಸುಬಿನಿಂದ ಹೊರಬಿದ್ದಾಗ ಅವರ ಹೊಟ್ಟೆಪಾಡೂ ಕ್ರೈಸ್ತ ಸಭೆಯ ಚಿಂತೆಯಾಯಿತು. ನೇಯ್ಗೆ ಬಂತು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ನನ್ನ ಅಜ್ಜನೂ ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿದ್ದರು. ಸುಟ್ಟು ಹೊರಬಂದ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು. ಚೆನ್ನಾಗಿ ಬೆಂದಿದ್ದರೆ 'ಟಣ್' ಅನ್ನುತ್ತದೆ. ಬಿರುಕಿದ್ದರೆ ಸದ್ದು ಸತ್ತಹಾಗೆ ಬರುತ್ತದೆ. "ಇದು ಯಾರ ಮನೆ ಮಾಡಿಗೆ ಹೋಗ್ತದೋ, ಮಳೆಗಾಲದಲ್ಲಿ ಅವರ ಮಗು ನೆನೆಯಬಾರದಲ್ಲ" ಅನ್ನುತ್ತಿದ್ದರು. ಯಾವ ಕೆಲಸ ಮಾಡಿದರೂ ಕರ್ತನಿಗೆಂದೇ ಮನಸ್ಸಿಟ್ಟು ಮಾಡಿ ಎಂದು ಅಪೊಸ್ತಲ ಪೌಲ ಕೊಲೊಸ್ಸೆ ಊರಿನ ಕ್ರೈಸ್ತರಿಗೆ ಬರೆದದ್ದು ದಾಸರನ್ನು, ಅಂದರೆ ಗುಲಾಮರನ್ನು, ಉದ್ದೇಶಿಸಿ. ಕೆಲಸ ಆರಿಸಿಕೊಳ್ಳುವ ಅವಕಾಶವೇ ಇಲ್ಲದವರು ಅವರು. ಆ ವಾಕ್ಯ ಓದುವಾಗ ನನಗೆ ಅಜ್ಜನ ಬೆರಳೇ ನೆನಪಾಗುತ್ತದೆ.

ಹಾಗಂತ ಎಲ್ಲವನ್ನೂ ಸಹಿಸಿಕೊಂಡು ಕೂತಿರಿ ಎಂದಲ್ಲ. ಜನರಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದ ಪ್ರವಾದಿ, ಸ್ನಾನಿಕನಾದ ಯೋಹಾನನ ಹತ್ತಿರ ಸುಂಕದವರು, ಸಿಪಾಯಿಗಳು ಬಂದು "ನಾವೇನು ಮಾಡಬೇಕು" ಎಂದು ಕೇಳುತ್ತಾರೆ. ಬೈಬಲಿನ ಲೂಕನ ಸುವಾರ್ತೆ, 3ನೇ ಅಧ್ಯಾಯ. ಕೆಲಸ ಬಿಡಿ ಎಂದು ಅವನು ಹೇಳಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ ಅಂದ. ಹೆದರಿಸಿ ಹಣ ಕೀಳಬೇಡಿ ಅಂದ. ನಾನು ಮೊದಲು ಸೇರಿದ್ದ ಲ್ಯಾಬಿನಲ್ಲಿ ಕೆಲವು ಟೆಸ್ಟ್ ಮಾಡದೆಯೇ ರಿಪೋರ್ಟ್ ಬರೆಯಿಸುತ್ತಿದ್ದರು. ಸ್ಯಾಂಪಲ್ ನೇರ ಸಿಂಕಿಗೆ ಹೋಗುತ್ತಿತ್ತು. ಮೂರು ತಿಂಗಳು ನಾನೂ ಬರೆದೆ. ಅದು ಇವತ್ತಿಗೂ ಚುಚ್ಚುತ್ತದೆ. ನಾಲ್ಕನೇ ತಿಂಗಳು ಬಿಟ್ಟೆ. ಮನೆಯಲ್ಲಿ ಕಷ್ಟವಾಯಿತು, ಆದರೆ ಅಲ್ಲಿ ದೇವರ ಚಿತ್ತಕ್ಕಾಗಿ ಕಾಯುವ ಅಗತ್ಯ ಇರಲಿಲ್ಲ. ನಿಮ್ಮ ಕೆಲಸದಲ್ಲೂ ಸಿಗಬೇಕಾದ ಕ್ಲೇಮನ್ನು ಸುಮ್ನೆ ತಳ್ಳಿಹಾಕಿ ಎನ್ನುವ ಒತ್ತಡ ಇದ್ದರೆ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಸೇವೆಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಆ ಕರೆ ನಿಜವಾಗಿ ಇರುವವರು ಇದ್ದಾರೆ. ಆದರೆ ನಿಮ್ಮ ಬರಹದಲ್ಲಿ ನನಗೆ ಹೆಚ್ಚಾಗಿ ಕಂಡದ್ದು ದಣಿವು. ರಾತ್ರಿ ಪಾಳಿಯ ದಣಿವನ್ನು ಕರೆ ಎಂದು ತಿಳಿದು ರಾಜೀನಾಮೆ ಬರೆಯಬೇಡಿ. ಒಂದು ವರ್ಷ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಮಾಡಿ, ಸಭಾಪಾಲಕರ ಜೊತೆ ರೋಗಿಗಳ ಮನೆಗೆ ಹೋಗಿ. ನಿಮ್ಮನ್ನು ಹತ್ತಿರದಿಂದ ನೋಡಿದವರು ಏನು ಹೇಳುತ್ತಾರೆ ಕೇಳಿ. ಪೌಲ ಕೂಡ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಯ ಜೊತೆ ಗುಡಾರ ಹೊಲಿಯುತ್ತಲೇ ಸುವಾರ್ತೆ ಸಾರಿದವನು, ಅಲ್ವಾ?

ಅಲ್ಲಿಯವರೆಗೆ ಇವತ್ತು ರಾತ್ರಿ ಮೊದಲ ಕ್ಲೇಮ್ ತೆರೆದಾಗ ಆ ಹೆಸರಿನವರಿಗಾಗಿ ಒಂದು ಸಾಲು ಪ್ರಾರ್ಥನೆ ಮಾಡಿ. ಆಸ್ಪತ್ರೆಯ ಬಿಲ್ ಹಿಡಿದು ಕಾಯುತ್ತಿರುವ ಯಾರೋ ಅವರು. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಈ ವಾರ ಬೆಳಗಿನ ಪ್ರಾರ್ಥನೆಯಲ್ಲಿ 'ಬೆಂಗಳೂರಿನ ರಾತ್ರಿ ಪಾಳಿಯವರು' ಎಂದೇ ನಿಮ್ಮನ್ನು ನೆನೆಯುತ್ತೇನೆ.