ಮಂಡಿ ಬದಲಿ ಆಪರೇಷನ್‌ಗೆ ಎರಡು ಬಾಟಲಿ ರಕ್ತ ಹೊಂದಿಸಲೇಬೇಕಾ?

68 ವರ್ಷದ ತಾಯಿಗೆ ಒಂದು ಮಂಡಿಯ ಕೀಲು ಬದಲಿಸಬೇಕಿದೆ, ತೂಕ 60 ಕೆ.ಜಿ., ಹಿಮೋಗ್ಲೋಬಿನ್ 10.8 ಗ್ರಾಂ (ಡೆಸಿಲೀಟರ್‌ಗೆ), ಎರಡು ಬಾಟಲಿ ರಕ್ತ ಹೊಂದಿಸಬೇಕಾ ಎಂದು ಕೇಳಿದ್ದೀರಿ. ರಕ್ತದಾನಿಗಳನ್ನು ಹುಡುಕುವ ಮೊದಲು ಆ 10.8ರ ಕಡೆ ನೋಡಿ ಎನ್ನುತ್ತೇನೆ.

ಸರಳ ಲೆಕ್ಕ ಹಾಕೋಣ. ಆ ತೂಕದ ಹೆಂಗಸಿನ ಮೈಯಲ್ಲಿ ಸುಮಾರು 4 ಲೀಟರ್ ರಕ್ತ. ಈ ಆಪರೇಷನ್‌ನಲ್ಲಿ 800 ಮಿ.ಲೀ. ಹೋಯಿತು ಎಂದಿಟ್ಟುಕೊಳ್ಳಿ, ಐದರಲ್ಲಿ ಒಂದು ಪಾಲು. 13 ಇದ್ದವರು ಹತ್ತರ ಆಸುಪಾಸಿಗೆ ಇಳಿಯುತ್ತಾರೆ, 10.8 ಇದ್ದವರು ಎಂಟೂವರೆಗೆ. ರಕ್ತ ಏರಿಸಬೇಕೋ ಬೇಡವೋ ಎಂಬುದು ಬಹುಪಾಲು ಇಲ್ಲೇ ತೀರ್ಮಾನವಾಗಿಬಿಡುತ್ತದೆ.

ಹಾಗಾಗಿ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಓಡಾಡುವ ಕಬ್ಬಿಣದ ಅಳತೆ), ವಿಟಮಿನ್ ಬಿ12, ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ) ಮಾಡಿಸಿ. ಫೆರಿಟಿನ್ 30ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಕೊರತೆ ಖಚಿತ. ಸಂಧಿವಾತದಂಥ ಉರಿಯೂತವಿದ್ದರೆ 100ರೊಳಗಿದ್ದರೂ ಅನುಮಾನಿಸಬೇಕು. ಕಬ್ಬಿಣದ ಮಾತ್ರೆ ಕೆಲಸ ಮಾಡಲು ಆರೆಂಟು ವಾರ ಬೇಕು. ಸಮಯವಿಲ್ಲದಿದ್ದರೆ ಡ್ರಿಪ್‌ನಲ್ಲಿ ಕಬ್ಬಿಣ, ಅದೂ ಮೂರ್ನಾಲ್ಕು ವಾರ ಮೊದಲು. ಹಿಂದಿನ ದಿನ ಕೊಟ್ಟರೆ ಆಪರೇಷನ್ ಹೊತ್ತಿಗೆ ಹಿಮೋಗ್ಲೋಬಿನ್ ಏರುವುದಿಲ್ಲ. ಈ ವಯಸ್ಸಿನಲ್ಲಿ ಕೊರತೆ ಯಾಕೆ ಬಂತು ಎಂಬುದನ್ನೂ ಕೇಳಬೇಕು: ಮಂಡಿನೋವಿಗೆ ವರ್ಷಗಟ್ಟಲೆ ನುಂಗಿದ ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿ ಸದ್ದಿಲ್ಲದೆ ರಕ್ತ ಸೋರುತ್ತಿರಬಹುದು. ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ, ವಾರ್ಫರಿನ್ ಸಾಮಾನ್ಯವಾಗಿ 5 ದಿನ, ಕ್ಲೊಪಿಡೋಗ್ರೆಲ್ 5ರಿಂದ 7 ದಿನ ಮೊದಲು ನಿಲ್ಲಿಸುತ್ತಾರೆ. ಸ್ಟೆಂಟ್ ಹಾಕಿದ್ದರೆ ಹೃದಯದ ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ.

ಆಪರೇಷನ್ ದಿನ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಟ್ರಾನೆಕ್ಸಾಮಿಕ್ ಆಸಿಡ್. ಇದು ರಕ್ತವನ್ನು ಹೆಪ್ಪುಗಟ್ಟಿಸುವುದಿಲ್ಲ, ಕಟ್ಟಿದ ಹೆಪ್ಪು ಕರಗದಂತೆ ತಡೆಯುತ್ತದೆ. ಕೊಯ್ಯುವ ಮೊದಲು 1 ಗ್ರಾಂ, ಮೂರು ಗಂಟೆ ಬಿಟ್ಟು ಇನ್ನೊಂದು ಗ್ರಾಂ ಎಂಬುದು ಸಾಮಾನ್ಯ ಪದ್ಧತಿ. ಹತ್ತು ನಿಮಿಷ ಹಿಡಿದು ನಿಧಾನವಾಗಿ ಕೊಡಬೇಕು. ಸರಕ್ಕನೆ ತಳ್ಳಿದರೆ ಬಿಪಿ ಬೀಳುತ್ತದೆ. ಕಿಡ್ನಿ ಸೋತಿದ್ದರೆ ಪ್ರಮಾಣ ಇಳಿಸಬೇಕು, ಫಿಟ್ಸ್ ಬಂದ ಇತಿಹಾಸವಿದ್ದರೆ ಮೊದಲೇ ಹೇಳಿಬಿಡಿ. ಬೆನ್ನಿಗೆ ಕೊಡುವ ಅರಿವಳಿಕೆಯ ಆಂಪೂಲ್ ಇದರಂತೆಯೇ ಕಾಣುತ್ತದೆ. ಗೊಂದಲದಲ್ಲಿ ಇದನ್ನು ಬೆನ್ನುಹುರಿಯ ದ್ರವಕ್ಕೆ ಚುಚ್ಚಿ ಜೀವ ಹೋದ ಪ್ರಕರಣಗಳಿವೆ, ಅದಕ್ಕೇ ಎರಡನ್ನೂ ಬೇರೆ ಬೇರೆ ಕಡೆ ಇಡುವುದು.

ರಕ್ತದ ಹರಿವು ತಡೆಯಲು ತೊಡೆಗೆ ಬಿಗಿಯುವ ಟೂರ್ನಿಕೆ ಪಟ್ಟಿಯಿಂದ ಟೇಬಲ್ ಮೇಲೆ ರಕ್ತ ಕಾಣದಿರಬಹುದು, ಆದರೆ ಬಿಚ್ಚಿದ ಮೇಲೆ ಸ್ನಾಯುಗಳ ನಡುವೆ ಸೋರುವುದು ನಿಲ್ಲುವುದಿಲ್ಲ. ತೊಡೆಯಿಂದ ಪಾದದ ಗಂಟಿನವರೆಗೆ ಇಳಿಯುವ ನೀಲಿ ಬಣ್ಣ ಆ ರಕ್ತವೇ. ಗಾಯದೊಳಗಿನ ರಕ್ತ ಹೊರಹರಿಯಲು ಇಡುವ ಡ್ರೇನ್ ಪೈಪಿನಿಂದ ಲಾಭವಿಲ್ಲ ಎಂಬುದು ನನ್ನ ಅಭಿಪ್ರಾಯ. ಒಳಗಿನ ಒತ್ತಡವೇ ಸೋರಿಕೆಯನ್ನು ಅದುಮುತ್ತದೆ, ಪೈಪ್ ಅದನ್ನೂ ಬಿಡಿಸಿಬಿಡುತ್ತದೆ.

ಹಿಮೋಗ್ಲೋಬಿನ್ ತೀರಾ ಕೆಳಗಿಳಿಯುವುದು ಆಪರೇಷನ್ ಆದ ಎರಡರಿಂದ ನಾಲ್ಕನೇ ದಿನ. 9 ಬಂತೆಂದು ರಕ್ತ ಏರಿಸಲು ಒತ್ತಾಯಿಸಬೇಡಿ. 8ಕ್ಕಿಂತ ಕೆಳಗೆ, ಇಲ್ಲವೇ ಎದೆನೋವು, ಏದುಸಿರು, ಡ್ರಿಪ್ ಕೊಟ್ಟರೂ ಇಳಿಯದ ನಾಡಿಬಡಿತ, ಎದ್ದು ನಿಂತರೆ ತಲೆಸುತ್ತು ಇದ್ದರೆ ಯೋಚಿಸಬೇಕು. ಆಗಲೂ ಒಂದೇ ಬಾಟಲಿ. ಅದು ಹಿಮೋಗ್ಲೋಬಿನ್ ಅನ್ನು ಸುಮಾರು 1 ಗ್ರಾಂ ಏರಿಸುತ್ತದೆ. ಮತ್ತೆ ಪರೀಕ್ಷಿಸಿ ಮುಂದಿನದ್ದು. ವಯಸ್ಸಾದವರಿಗೆ ಎರಡನ್ನು ಬೆನ್ನುಬೆನ್ನಿಗೆ ಓಡಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು.

ಇನ್ನು ನಿಮ್ಮ ಎರಡು ಬಾಟಲಿ. ಹಿಮೋಗ್ಲೋಬಿನ್ 13ರ ಹತ್ತಿರ ಬಂದ ಮೇಲೆ ಒಂದೇ ಮಂಡಿಯಾದರೆ ರಕ್ತದ ಗುಂಪು ಮತ್ತು ಆಂಟಿಬಾಡಿ (ಬೇರೆಯವರ ರಕ್ತದ ವಿರುದ್ಧ ಮೈಯಲ್ಲಿರುವ ಪ್ರತಿಕಾಯ) ಪರೀಕ್ಷೆ ಸಾಕು, ಬೇಕೆನಿಸಿದರೆ ಬ್ಲಡ್ ಬ್ಯಾಂಕ್ ಬೇಗ ಕೊಡಬಲ್ಲದು. 10.8ರಲ್ಲೇ ಮಾಡಿಸುವುದಾದರೆ, ಎರಡೂ ಮಂಡಿ ಒಟ್ಟಿಗೆ ಆದರೆ, ಇಲ್ಲವೇ ಆಂಟಿಬಾಡಿ ಕಂಡುಬಂದರೆ ಮಾತ್ರ ಕ್ರಾಸ್‌ಮ್ಯಾಚ್ ಮಾಡಿಸಿ, ಅಂದರೆ ದಾನಿಯ ರಕ್ತ ತಾಯಿಯ ರಕ್ತಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸಿ, ಇಟ್ಟುಕೊಳ್ಳಿ.