ಎಲ್ಲ ಕಛೇರಿಗಳಲ್ಲೂ ಯಮನ್ ಏಕೆ?

ಹಾವೇರಿಯ ಓದುಗರಿಗೆ ನಮಸ್ಕಾರ.

ಈ ಚಳಿಗಾಲದಲ್ಲಿ ಹುಬ್ಬಳ್ಳಿ, ಧಾರವಾಡಗಳಲ್ಲಿ ನೀವು ಕೇಳಿದ ಹಿಂದೂಸ್ತಾನಿ ಸಂಗೀತ ಕಛೇರಿಗಳೆಲ್ಲ ಯಮನ್ ರಾಗದಿಂದ ಆರಂಭವಾಗಿ, ಒಂದು ವಚನ ಹಾಡಿ, ಭೈರವಿ ರಾಗದಲ್ಲಿ ಮುಗಿದವು ಎಂದು ಬರೆದಿದ್ದೀರಿ. ಹಿರಿಯ ಗಾಯಕ ಮಲ್ಲಿಕಾರ್ಜುನ ಮನಸೂರರ ಊರಿನಲ್ಲಿ ರಾಗಗಳಿಗೆ ಬರವೇ ಎಂದು ಕೇಳಿದ್ದೀರಿ. ಹಾಡುವ ರಾಗಗಳನ್ನು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚು ಹಾಕಿಸಬೇಕು ಎಂಬುದು ನಿಮ್ಮ ಸಲಹೆ.

ನಿಮ್ಮ ಬೇಸರ ನ್ಯಾಯವಾದದ್ದೇ. ಆದರೆ ಅದಕ್ಕೆ ಗಾಯಕರನ್ನು ಹೊಣೆ ಮಾಡಲು ನನಗೆ ಮನಸ್ಸಿಲ್ಲ. ಹಿಂದೂಸ್ತಾನಿ ಪದ್ಧತಿಯಲ್ಲಿ ಹೆಚ್ಚಿನ ರಾಗಗಳನ್ನು ಹಾಡಲು ದಿನದ ಇಂಥದ್ದೇ ವೇಳೆ ಎಂದಿದೆ. ಸಂಜೆ ಆರಕ್ಕೆಂದು ಕರೆದ ಕಾರ್ಯಕ್ರಮದಲ್ಲಿ ದೀಪ ಬೆಳಗಿಸುವುದು, ಸ್ವಾಗತ, ಸನ್ಮಾನ, ಅಧ್ಯಕ್ಷರ ಮಾತು ಮುಗಿಯುವ ಹೊತ್ತಿಗೆ ಏಳೂವರೆ ದಾಟಿರುತ್ತದೆ. ಸೂರ್ಯ ಮುಳುಗುವಾಗ ಹಾಡಬೇಕಾದ ಮಾರವಾ, ಶ್ರೀ ರಾಗಗಳ ವೇಳೆ ಭಾಷಣಗಳಲ್ಲೇ ಕಳೆದುಹೋಯಿತು. ಒಂಬತ್ತೂವರೆಗೆ ಸಭಾಂಗಣ ಬಿಟ್ಟುಕೊಡಬೇಕಾದ್ದರಿಂದ ತಡರಾತ್ರಿಯ ದರಬಾರಿ, ಮಾಲಕಂಸಗಳ ವೇಳೆ ಬರುವುದೇ ಇಲ್ಲ. ಬೆಳಗಿನ ಲಲಿತ್, ತೋಡಿಗಳ ಮಾತು ಬಿಡಿ. ಮಧ್ಯಾಹ್ನದ ಸಾರಂಗಗಳನ್ನು ಎದುರು ಕುಳಿತು ಕೇಳದ ರಸಿಕರು ಧಾರವಾಡದಲ್ಲೂ ಇದ್ದಾರೆ. ಉಳಿದ ಎರಡು ಗಂಟೆಗೆ ಒಪ್ಪುವುದು ಯಮನ್, ಭೂಪ, ಕೇದಾರ, ಬಿಹಾಗ್‌ನಂಥವು. ಅವುಗಳಲ್ಲೂ ವಿಸ್ತಾರಕ್ಕೆ ಧಾರಾಳವಾಗಿ ಒದಗುವುದು ಯಮನ್.

ರಾಗಗಳ ಅನುಕ್ರಮಕ್ಕೂ ಒಂದು ಲೆಕ್ಕಾಚಾರವಿದೆ. ಬಿಹಾಗ್ ಹಾಡುವಾಗ ತಂಬೂರಿಯ ಮೊದಲ ತಂತಿ ಪಂಚಮಕ್ಕೆ, ಅಂದರೆ ‘ಪ’ ಸ್ವರಕ್ಕೆ, ಕೂಡಿರುತ್ತದೆ. ಪಂಚಮವೇ ಇಲ್ಲದ ಮಾಲಕಂಸಕ್ಕೆ ಹೋಗಬೇಕೆಂದರೆ ಆ ತಂತಿಯನ್ನು ಮಧ್ಯಮಕ್ಕೆ, ಅಂದರೆ ‘ಮ’ ಸ್ವರಕ್ಕೆ, ಇಳಿಸಬೇಕು. ಎರಡು ತಂಬೂರಿಗಳನ್ನೂ ಹೊಸದಾಗಿ ಶ್ರುತಿ ಮಾಡಿ, ಹೊಸ ಸ್ವರ ಕಿವಿಯಲ್ಲಿ ನೆಲೆಯಾಗುವವರೆಗೆ ಕಾಯಬೇಕು. ಮುಖ್ಯ ರಾಗದ ವಿಲಂಬಿತ ಖ್ಯಾಲ್, ಅಂದರೆ ನಿಧಾನ ಲಯದ ವಿಸ್ತಾರವಾದ ಗಾಯನ, ಒಂದಕ್ಕೇ ಮುಕ್ಕಾಲು ಗಂಟೆ ಬೇಕು. ಸಮಯ ಕಡಿಮೆ ಇದ್ದಾಗ ಗಾಯಕರು ಈ ಗೊಡವೆಗೆ ಹೋಗದೆ ಹಿಡಿದ ರಾಗದ ಬಂದಿಶ್ (ರಚನೆ) ಮುಗಿಸಿ ವಚನಕ್ಕೆ ಬರುತ್ತಾರೆ.

ಮನಸೂರರ ಹೆಸರೆತ್ತಿದ್ದೀರಿ. ಹೆಸರಾಂತ ಗಾಯಕ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನ್ ಅವರಿಂದ ಕಲಿತ ಅವರು ಶಿವಮತ ಭೈರವ, ಖಟ್, ನಟಬಿಹಾಗದಂಥ ಅಪರೂಪದ ರಾಗಗಳನ್ನು ತುಂಬು ಸಭೆಯಲ್ಲಿ ಹಾಡಿದರು. ಆದರೆ ಗಂಗೂಬಾಯಿ ಹಾನಗಲ್ಲರನ್ನೂ ನೆನೆಯಿರಿ. ಆರಂಭದಲ್ಲಿ ಲಘು ಶಾಸ್ತ್ರೀಯ ಪ್ರಕಾರವಾದ ಠುಮ್ರಿ, ಭಜನೆ ಹಾಡುತ್ತಿದ್ದವರು ಆಮೇಲೆ ಖ್ಯಾಲ್‌ಗೇ ನಿಂತರು. ಎಲ್ಲರಿಗೂ ಗೊತ್ತಿರುವ ರಾಗಗಳಲ್ಲೇ ಆಳಕ್ಕೆ ಇಳಿದರು. ಬಸವರಾಜ ರಾಜಗುರುಗಳು ಖ್ಯಾಲ್‌ನಿಂದ ನಾಟ್ಯಗೀತೆ, ವಚನಗಳವರೆಗೆ ಎಲ್ಲವನ್ನೂ ಹಾಡುತ್ತಿದ್ದರು. ಒಂದೇ ಸೀಮೆಯಲ್ಲಿ ಬೆಳೆದ ಈ ಮೂವರನ್ನು ಒಂದೇ ಪಟ್ಟಿಯಿಂದ ಅಳೆಯಲಾದೀತೇ? ಹೆಸರೇ ಕೇಳದ ರಾಗವನ್ನು ಅರೆಬರೆ ಕೇಳುವುದಕ್ಕಿಂತ ಚೆನ್ನಾಗಿ ಹಾಡಿದ ಯಮನ್ ನನಗೆ ಇಷ್ಟ.

ಪಟ್ಟಿಯನ್ನು ಮೊದಲೇ ಅಚ್ಚು ಹಾಕಿಸುವುದು ನನಗೆ ಒಪ್ಪಿಗೆಯಿಲ್ಲ. ಅಂದಿನ ಕಂಠ ಹೇಗಿದೆ, ತಬಲಾ ಸಾಥಿಯ ಹೊಂದಾಣಿಕೆ ಹೇಗಿದೆ ಎಂಬುದು ವೇದಿಕೆಯ ಮೇಲೆ ಕುಳಿತ ಮೇಲೆ ತಿಳಿಯುವ ಸಂಗತಿ. ಬೇಕಿದ್ದರೆ ಹಾಡುವ ಮುನ್ನ ರಾಗ, ತಾಳಗಳ ಹೆಸರನ್ನು ಗಾಯಕರೇ ಹೇಳಲಿ. ಹೊಸ ಕೇಳುಗರಿಗೆ ಅದು ದೊಡ್ಡ ಉಪಕಾರ.

ಸಂಘಟಕರನ್ನು ಒತ್ತಾಯಿಸಬೇಕಾದ್ದು ಬೇರೆ: ಸನ್ಮಾನವನ್ನು ಕೊನೆಗೆ ಇಟ್ಟುಕೊಳ್ಳಿ, ವರ್ಷಕ್ಕೆ ಒಂದೆರಡು ಕಛೇರಿಗಳನ್ನಾದರೂ ಭಾನುವಾರ ಬೆಳಗ್ಗೆ ಏಳಕ್ಕೆ ಇಡಿ ಎಂದು. ಜನ ಬರುವುದಿಲ್ಲ ಎನ್ನುತ್ತಾರೆ. ನಿಮ್ಮಂಥ ಹತ್ತು ಓದುಗರು ಬರುತ್ತೇವೆಂದು ಬರೆದು ಕೊಟ್ಟರೆ ಆ ಪತ್ರಗಳನ್ನು ಸಂಘಟಕರಿಗೆ ನಾನೇ ತಲುಪಿಸುತ್ತೇನೆ.

— ಸಂಪಾದಕ